ಮೀಟರಿಗೆ ಕಾಣದ ಕತ್ತಲೆ

ಬಡವರಿಗೆ ನೆರವಾಗಬೇಕು ಎಂಬುದರಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಬಡವರು ಯಾರೆಂದು ಗುರುತಿಸುವುದು ಹೇಗೆ ಎಂಬಲ್ಲಿಂದ ತಕರಾರು ಶುರುವಾಗುತ್ತದೆ. ಇಂದು ಆ ಕೆಲಸವನ್ನು ಸರಕಾರದ ಕಡತಗಳು ಮತ್ತು ಕಂಪ್ಯೂಟರುಗಳು ಮಾಡುತ್ತಿವೆ. ಅವು ಮಾಡುವ ತೀರ್ಮಾನ ನ್ಯಾಯವಾದುದೇ ಎಂದು ಕೇಳುವುದು ನಮ್ಮ ಹೊಣೆ.

ಮಂಡ್ಯ ಜಿಲ್ಲೆಗೂ ವಿದ್ಯುತ್ತಿಗೂ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಆ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು. ಕಟ್ಟೆಗಾಗಿ ಊರುಗಳು ಮುಳುಗಿದವು, ಜನ ಬೇರೆಡೆ ಮನೆ ಕಟ್ಟಿಕೊಂಡರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಮನೆಗಳಿಗೆ ಬೆಳಕು ಬಂದದ್ದು ದಶಕಗಳ ನಂತರ. ಆದ್ದರಿಂದ ಈ ಮನೆಗಳ ವಿದ್ಯುತ್ ಬಿಲ್ಲಿಗೆ ನೆರವು ನೀಡುವುದನ್ನು ಭಿಕ್ಷೆ ಎನ್ನಲಾಗದು.

2023ರ ಜುಲೈಯ ಬಳಕೆಯಿಂದ ಅನ್ವಯವಾದ ಗೃಹಜ್ಯೋತಿ ಯೋಜನೆಯನ್ನು '200 ಯೂನಿಟ್ ಉಚಿತ' ಎಂದೇ ಜನ ಅರ್ಥ ಮಾಡಿಕೊಂಡರು. ನಿಯಮ ಹಾಗಿರಲಿಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದ್ದೇ ಅದರ ಪಾಲು. 170 ಯೂನಿಟ್ ಬಳಸಿದ್ದ ಮನೆಗೆ 187 ಉಚಿತ. 20 ಯೂನಿಟ್ ಬಳಸಿದ್ದ ಮನೆಗೆ 22. 2024ರ ಜನವರಿಯಲ್ಲಿ ಸಚಿವ ಸಂಪುಟ ಇದನ್ನು ತುಸು ತಿದ್ದಿ, 48 ಯೂನಿಟ್‌ವರೆಗೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ಕೊಡಲು ತೀರ್ಮಾನಿಸಿತು. ಅಂದರೆ 22 ಇದ್ದದ್ದು 30 ಆಯಿತು. ಹಳೆಯ ದಾಖಲೆಯೇ ಇಲ್ಲದ ಹೊಸ ಮನೆಗೆ ಮಾತ್ರ ರಾಜ್ಯದ ಸರಾಸರಿ 53ರ ಲೆಕ್ಕದಲ್ಲಿ 58 ಯೂನಿಟ್!

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ದಾಖಲೆ ಇಲ್ಲದವನಿಗೆ 58, ಬಡತನದ ದಾಖಲೆ ಇದ್ದವನಿಗೆ 30. ಬಿಲ್ಲಿಗೆ ಹೆದರಿ ಫ್ಯಾನು ಹಾಕದೆ ಸೆಖೆಯಲ್ಲಿ ಮಲಗಿದ ಮುದುಕಿಯ ಮಿತವ್ಯಯವೇ ಅವಳ ಹಕ್ಕಿಗೆ ಮಿತಿಯಾಯಿತು. ಮೀಟರಿಗೆ ಬಳಕೆ ಗೊತ್ತು, ಅಗತ್ಯ ಗೊತ್ತಿಲ್ಲ. ಮನೆ ಗೊತ್ತು, ತಲೆಗಳು ಗೊತ್ತಿಲ್ಲ. ಹತ್ತು ಜನರ ಕೂಡು ಕುಟುಂಬ ಒಂದೇ ಮೀಟರಿನಲ್ಲಿ 210 ಯೂನಿಟ್ ಬಳಸಿದರೆ ಪೂರ್ತಿ ಬಿಲ್ಲು. ಇಬ್ಬರೇ ಇದ್ದು, ಮೊದಲಿನಿಂದಲೂ 180 ಬಳಸುತ್ತಿದ್ದರೆ ಸೊನ್ನೆ ಬಿಲ್ಲು.

ಹಾಗಾದರೆ ರೇಷನ್ ಕಾರ್ಡು, ಆದಾಯ ತೆರಿಗೆ, ಜಮೀನಿನ ಪಹಣಿ ಎಲ್ಲವನ್ನೂ ಒಟ್ಟುಗೂಡಿಸಿ ನಿಜವಾದ ಬಡವರನ್ನು ಹುಡುಕಬಾರದೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ, ಉಳ್ಳವರ ಪಾಲಿಗೆ ಹೋಗುವ ಹಣವೂ ಜನರದ್ದೇ. ಆದರೆ 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ಪರಿಶೀಲನೆ ನಡೆದಾಗ ಅರ್ಹರ ಕಾರ್ಡುಗಳೂ ರದ್ದಾಗಿ, ಅವನ್ನು ಮರಳಿ ಕೊಡುವುದಾಗಿ ಸರಕಾರ ಹೇಳಬೇಕಾಯಿತು. ಮೀಟರಿನ ಲೆಕ್ಕಕ್ಕೆ ಒಂದು ಘನತೆಯಿದೆ: ಅದು ಯಾರ ಜಾತಿ, ಧರ್ಮ, ಆಸ್ತಿಯನ್ನೂ ವಿಚಾರಿಸುವುದಿಲ್ಲ, ಯಾರನ್ನೂ ಕಚೇರಿಯ ಮುಂದೆ ನಿಲ್ಲಿಸಿ 'ನಾನು ಬಡವ' ಎಂದು ಹೇಳಿಸುವುದಿಲ್ಲ. 2017ರಲ್ಲಿ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಹಕ್ಕು ಬಡವನಿಗೂ ಇದೆ.

ಲೆಕ್ಕವೇ ಬೇಡ ಎನ್ನುವುದು ನಮ್ಮ ವಾದವಲ್ಲ. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ರಾಜ್ಯ ವರ್ಷಗಳಿಂದ ಉಚಿತ ವಿದ್ಯುತ್ ಕೊಟ್ಟಿದೆ. ಅದರಲ್ಲಿ ಬಹುಪಾಲನ್ನು ಮೀಟರಿಲ್ಲದೆ ಅಂದಾಜಿನಲ್ಲೇ ಲೆಕ್ಕ ಹಾಕಲಾಗಿದೆ. ಹೊಲಕ್ಕೆ ಅಂದಾಜು ಸಾಕಾಗುವಾಗ ಗುಡಿಸಲಿನ ಒಂದೊಂದು ಯೂನಿಟ್ಟನ್ನೂ ಅಳೆದು ಕೊಡುವುದು ಎಂಥ ನ್ಯಾಯ?

ಎಲ್ಲ ಲೆಕ್ಕದಲ್ಲೂ ತಪ್ಪು ನುಸುಳುತ್ತದೆ. ಆ ತಪ್ಪಿನ ಹೊರೆಯನ್ನು ಯಾರು ಹೊರಬೇಕು ಎಂಬುದೇ ನೈತಿಕ ಪ್ರಶ್ನೆ. ಅನರ್ಹನೊಬ್ಬನಿಗೆ ನೆರವು ಸಿಕ್ಕರೆ ಬೊಕ್ಕಸಕ್ಕೆ ತುಸು ನಷ್ಟ. ಅರ್ಹನಿಗೆ ತಪ್ಪಿದರೆ ಒಂದು ಮನೆಯೇ ಕತ್ತಲಲ್ಲಿ ಕೂರುತ್ತದೆ. ಈ ಎರಡು ನಷ್ಟಗಳು ಸಮವಲ್ಲ. ಹೊಸ ಮನೆಗೆ ಕೊಟ್ಟಷ್ಟು ಯೂನಿಟ್ಟನ್ನಾದರೂ ಎಲ್ಲ ಬಡ ಮನೆಗಳಿಗೂ ಕನಿಷ್ಠ ಪಾಲಾಗಿ ಕೊಡಲಿ. ಯಾರನ್ನಾದರೂ ಕೈಬಿಡುವ ಮೊದಲು, ಅವನು ಅನರ್ಹನೆಂದು ಸಾಬೀತುಪಡಿಸುವ ಕೆಲಸ ಸರಕಾರದ್ದಾಗಲಿ. ನೆನ್ನೆಯ ಬಡತನವನ್ನು ನಾಳೆಯ ಬೆಳಕಿನ ಅಳತೆಗೋಲು ಮಾಡುವುದು ನ್ಯಾಯವಲ್ಲ.