ನೆರೆಯವನಿಗೆ ತಿಳಿಸದ ಅಪಾಯ

ಅಪಾಯಕಾರಿ ಕಾರ್ಖಾನೆಯ ಮಗ್ಗುಲಲ್ಲಿ ಬಾಳುವ ಹಳ್ಳಿಗರಿಗೆ ಆ ಅಪಾಯದ ಸ್ವರೂಪವನ್ನು ಮೊದಲೇ ಬಿಡಿಸಿ ಹೇಳಬೇಕೇ? ಅಥವಾ ಅವರನ್ನು ಸುಮ್ಮನೆ ಹೆದರಿಸುವುದೇಕೆಂದು ಮೌನವಾಗಿರಬೇಕೇ? ಎರಡನೆಯ ಮಾತು ಕರುಣೆಯಂತೆ ತೋರುತ್ತದೆ. ಆದುದರಿಂದಲೇ ಅದನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ.

2020ರ ಮೇ 7ರ ನಸುಕಿನಲ್ಲಿ, ವಿಶಾಖಪಟ್ಟಣದ ಅಂಚಿನ ಆರ್.ಆರ್. ವೆಂಕಟಾಪುರದಲ್ಲಿರುವ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ ಸ್ಟೈರೀನ್ ಆವಿ ಸೋರಿತು. ನಿದ್ದೆಗಣ್ಣಿನಲ್ಲಿ ಎದ್ದು ಓಡಿದ ಕೆಲವರು ಬೀದಿಯಲ್ಲೇ ಕುಸಿದರು. ಹನ್ನೆರಡು ಮಂದಿ ಪ್ರಾಣ ಕಳೆದುಕೊಂಡರು. ಸೈರನ್ ಒತ್ತಲು 36 ಕಡೆ ಅನುಕೂಲವಿದ್ದರೂ ಅದು ಮೊಳಗಲೇ ಇಲ್ಲವೆಂದು ರಾಜ್ಯ ಸರ್ಕಾರ ನೇಮಿಸಿದ ಸಮಿತಿ ವರದಿ ಮಾಡಿತು. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದಲ್ಲಿ ಸೈರನ್ ಮೊಳಗಿತ್ತು, ನಿಜ. ಆದರೆ ಊರಿಗೆ ಕೇಳಿಸುವ ಆ ಕೂಗನ್ನು ಸ್ವಲ್ಪ ಹೊತ್ತಿನಲ್ಲೇ ನಿಲ್ಲಿಸಲಾಯಿತು. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಂಡರೆ ಆ ವಿಷದ ಉರಿ ಎಷ್ಟೋ ತಗ್ಗುತ್ತದೆಂಬ ಸಣ್ಣ ಸಂಗತಿಯನ್ನು ನೆರೆಹೊರೆಯವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಬೇಕಾದದ್ದು ಒಂದು ಕೊಡ ನೀರು, ಒಂದು ಟವೆಲು.

ಅಪಾಯ ಬಂದಾಗ ಜನ ತಾವೇ ಓಡಿ ಪಾರಾಗುತ್ತಾರೆ ಎನ್ನುವವರುಂಟು. ಎತ್ತ ಓಡಬೇಕು? ಸ್ಟೈರೀನ್ ಆವಿ ಗಾಳಿಗಿಂತ ಭಾರವಾದದ್ದು. ನೆಲಕ್ಕಂಟಿ ತಗ್ಗಿನತ್ತ ಹರಿಯುತ್ತದೆ. ತಗ್ಗಿಗೆ ಓಡಿದವನು ಅದರ ಜೊತೆಯಲ್ಲೇ ಓಡಿದಂತಾಯಿತು. ನಮ್ಮ ಉತ್ತರ ಕನ್ನಡದ ಕೈಗಾದಂತಹ ಅಣುಸ್ಥಾವರದಿಂದ ವಿಕಿರಣ ಸೋರಿದರೆ, ಸಾಮಾನ್ಯವಾಗಿ ಕೊಡುವ ಮೊದಲ ಸೂಚನೆ ಓಡುವುದಲ್ಲ; ಮನೆಯೊಳಗೆ ಸೇರಿ ಬಾಗಿಲು ಕಿಟಕಿ ಭದ್ರಪಡಿಸಿ ಮುಂದಿನ ಸೂಚನೆಗೆ ಕಾಯುವುದು. ಹೀಗೆ ಒಂದೆಡೆ ಪ್ರಾಣ ಉಳಿಸುವ ನಡೆಯೇ ಇನ್ನೊಂದೆಡೆ ಪ್ರಾಣಕ್ಕೆ ಎರವಾಗಬಹುದು. ಇದನ್ನು ಆ ಗಳಿಗೆಯಲ್ಲಿ ಊಹಿಸಿ ತಿಳಿಯಲಾಗದು.

ರೈತನು ಹಾವಿಗೆ ಹೆದರುತ್ತಾನೆ, ಆದರೂ ಗದ್ದೆಗೆ ಹೋಗುತ್ತಾನೆ; ಅದು ಎಲ್ಲಿ ಮಲಗುತ್ತದೆಂಬುದನ್ನು ಬಲ್ಲ. ಹೊಳೆಯ ದಡದವರು ನೆರೆಯೊಡನೆ ಬಾಳುತ್ತಾರೆ. ಅರಿತ ಅಪಾಯ ಮನುಷ್ಯನನ್ನು ಎಚ್ಚರವಾಗಿಡುತ್ತದೆ. ಹಾಗಿರುವಾಗ ಹಳ್ಳಿಗ ಬೆದರುತ್ತಾನೆಂಬ ಚಿಂತೆ ಯಾರದು? ಅವನು ಬೆದರುವನೆಂಬುದಕ್ಕಿಂತ ಪ್ರಶ್ನಿಸುವನೆಂಬ ಅಳುಕೇ ಆ ಕರುಣೆಯ ಹಿಂದೆ ಹೆಚ್ಚಾಗಿ ಅಡಗಿರುತ್ತದೆಂದು ನನ್ನ ಎಣಿಕೆ. ವಿದ್ಯುತ್ತು ದೂರದ ನಗರಕ್ಕೂ ಹೋಗುತ್ತದೆ, ಲಾಭ ಇನ್ನೆಲ್ಲಿಗೋ. ಪಕ್ಕದಲ್ಲೇ ಮಲಗುವವನಿಗೆ ಕನಿಷ್ಠ ಸತ್ಯವಾದರೂ ಸಲ್ಲಬೇಡವೇ?

ಕಾನೂನು ಈ ಋಣವನ್ನು ಒಪ್ಪಿಕೊಂಡಿದೆ. ಭೋಪಾಲದ ಬಳಿಕ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪ್ರಕಾರ, ದುರಂತದ ಸ್ವರೂಪವನ್ನೂ ಆಗ ಮಾಡಬೇಕಾದ, ಮಾಡಬಾರದ ಕೆಲಸಗಳನ್ನೂ ಸುತ್ತಲಿನ ಜನರಿಗೆ ತಿಳಿಸುವುದು ಕಾರ್ಖಾನೆಯ ಹೊಣೆ. ಆವರಣದ ಹೊರಗಿನ ತುರ್ತುಯೋಜನೆ ಜಿಲ್ಲಾಡಳಿತದ ಹೊಣೆ.

ಆ ಯೋಜನೆಯ ಕಡತದಲ್ಲಿ ಬಸ್ಸುಗಳ ಲೆಕ್ಕವಿರುತ್ತದೆ, ಅಧಿಕಾರಿಗಳ ದೂರವಾಣಿ ಸಂಖ್ಯೆಗಳಿರುತ್ತವೆ. ಅಣಕು ಕಾರ್ಯಾಚರಣೆ ನಡೆಯುವುದೂ ಉಂಟು, ಬಹುಮಟ್ಟಿಗೆ ಹಾಡುಹಗಲಿನಲ್ಲಿ. ಮೇಲಿನ ಎರಡು ದುರಂತಗಳೂ ಬಂದದ್ದು ಊರು ಮಲಗಿದ ಮೇಲೆ. ನಿಮ್ಮ ಊರಿನ ಬಳಿ ಅಂತಹ ಸ್ಥಾವರವಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿರಿ: ಕರೆಂಟಿಲ್ಲದ ರಾತ್ರಿ ಸೈರನ್ ಕೂಗುವುದೇ? ಕಿವಿ ಕೇಳದವರನ್ನು ತಟ್ಟಿ ಎಬ್ಬಿಸುವವರು ಯಾರು? ಕೊನೆಯ ಮನೆಯಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಯನ್ನು ಹೊತ್ತು ತರುವವರ ಹೆಸರು ಆ ಕಡತದ ಯಾವ ಪುಟದಲ್ಲಿದೆ?