ಅಳಿಯದುದನ್ನು ಉಳಿಸುವುದೇಕೆ?

ನಾನು ವಿಜ್ಞಾನದ ಪದವೀಧರನಲ್ಲ. ಭಾಷೆಯನ್ನೂ ಸಮಾಜಶಾಸ್ತ್ರವನ್ನೂ ಬೋಧಿಸಿದವನು. ಆದರೆ ಕಾಸರಗೋಡಿನ ಒಳನಾಡಿನ ಚಿಕ್ಕ ಕನ್ನಡ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ, ವಿಜ್ಞಾನದ ಅಧ್ಯಾಪಕರ ಹುದ್ದೆ ತೆರವಾಗಿ, ಒಂದು ವರ್ಷ ಏಳನೆಯ ತರಗತಿಗೆ ಆ ಪಾಠವನ್ನೂ ನಾನೇ ಮಾಡಬೇಕಾಗಿ ಬಂತು. ದ್ರವ್ಯವನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು, ಅದು ರೂಪಾಂತರವನ್ನಷ್ಟೇ ಹೊಂದುತ್ತದೆ ಎಂಬ ನಿಯಮವನ್ನು ಉರಿಯುವ ಮೇಣದ ಬತ್ತಿಯೊಂದನ್ನು ಮುಂದಿಟ್ಟುಕೊಂಡು ವಿವರಿಸಿದೆ.

ಮರುದಿನ ಶುಕ್ರವಾರ. ವಾಡಿಕೆಯಂತೆ ಸಂಜೆ ಮಕ್ಕಳು ಅಂಗಳ ಗುಡಿಸಿ ತರಗೆಲೆ, ಕಾಗದ, ಪ್ಲಾಸ್ಟಿಕ್ ಚೀಲಗಳನ್ನೆಲ್ಲ ರಾಶಿ ಹಾಕಿದರು. ನಾನೇ ಕಡ್ಡಿ ಗೀರಿದೆ. ಆಗ ಒಬ್ಬ ಹುಡುಗಿ ಕೇಳಿದಳು: "ಮಾಸ್ಟ್ರೇ, ಯಾವುದೂ ನಾಶ ಆಗುವುದಿಲ್ಲ ಅಂತ ನಿನ್ನೆ ಹೇಳಿದಿರಿ. ಮತ್ತೆ ಇದೆಲ್ಲ ಎಲ್ಲಿಗೆ ಹೋಗ್ತದೆ?" ಗಾಳಿಗೆ ಹೋಗುತ್ತದೆ ಎಂದೆ. ಆಕೆ ಹೊಗೆ ಸಾಗುತ್ತಿದ್ದ ದಿಕ್ಕನ್ನು ತೋರಿಸಿ, "ಅಲ್ಲಿ ನಮ್ಮ ಮನೆ ಇರುವುದು" ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸುಟ್ಟರೆ ವಸ್ತು ಇಲ್ಲವಾಗುತ್ತದೆಂಬುದು ನಮ್ಮ ಕಣ್ಣಿನ ನಂಬಿಕೆ. ತಕ್ಕಡಿ ಬೇರೆಯದನ್ನೇ ಹೇಳುತ್ತದೆ. 12 ಗ್ರಾಂ ಇಂಗಾಲವು ಪೂರ್ಣವಾಗಿ ಉರಿಯುವಾಗ 32 ಗ್ರಾಂ ಆಮ್ಲಜನಕವನ್ನು ಕೂಡಿಕೊಂಡು 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿದದ್ದಕ್ಕಿಂತ ಹುಟ್ಟಿದ ಅನಿಲದ ತೂಕವೇ ಹೆಚ್ಚು! ಫ್ರಾನ್ಸಿನ ಲವಾಸಿಯೆ 1774ರ ಸುಮಾರಿಗೆ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ತವರವನ್ನು ಕಾಸಿ ತೂಗಿ, ಒಟ್ಟು ತೂಕ ಬದಲಾಗದಿರುವುದನ್ನು ಕಂಡನು; 1789ರ ತನ್ನ ಗ್ರಂಥದಲ್ಲಿ ಆ ತತ್ತ್ವವನ್ನು ನಿಚ್ಚಳವಾಗಿ ನಿರೂಪಿಸಿದನು. ನಮ್ಮ ಸಾಂಖ್ಯರು ಎಳ್ಳಿನಲ್ಲಿ ಎಣ್ಣೆ ಮೊದಲೇ ಇರುವಂತೆ ಕಾರಣದಲ್ಲಿ ಕಾರ್ಯ ಮೊದಲೇ ಇದೆಯೆಂದು ವಾದಿಸಿದ್ದರು. ಆದರೆ ಎರಡನ್ನೂ ಒಂದೇ ಎಂದು ಹೆಮ್ಮೆಪಡುವುದು ತರವಲ್ಲ. ಇವರು ತರ್ಕದಿಂದ ನಡೆದರು, ಅವನು ತಕ್ಕಡಿಯಿಂದ ನಡೆದನು.

ಈ ನಿಯಮದ ಕಠೋರ ಪಾಠವನ್ನು ನಮ್ಮ ಜಿಲ್ಲೆಯಷ್ಟು ಬಲ್ಲ ನಾಡು ವಿರಳ. 1970ರ ದಶಕದ ಕೊನೆಯಿಂದ ಸುಮಾರು ಎರಡು ದಶಕ ಇಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸಿಂಪಡಿಸಿದ ಮಂಜು ಕ್ಷಣದಲ್ಲಿ ಕಣ್ಮರೆಯಾಗುತ್ತಿತ್ತು. ಆದರೆ ಕಣ್ಮರೆಯಾದುದು ಇಲ್ಲವಾಗಿರಲಿಲ್ಲ. ಮಣ್ಣಿನಲ್ಲಿ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡುತ್ತದೆ. ಅದೂ ವಿಷವೇ, ಇನ್ನೂ ದೀರ್ಘಕಾಲ ಬಾಳುವ ವಿಷ. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಅದು ಸೇರಿತು. ಅದೇ ವರ್ಷ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಅದನ್ನು ತಡೆಯಿತು. "ಎಸೆದೆವು" ಎಂದು ನಾವು ಹೇಳುವಾಗ ಯಾರದೋ ಅಂಗಳಕ್ಕೆ ಕಳುಹಿಸಿದ್ದೇವೆ ಎಂದೇ ಅರ್ಥ. ನನ್ನ ಶಾಲೆಯ ಹೊಗೆಗೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ಯಾವುದೂ ಅಳಿಯದೆಂಬುದು ನಮಗೆ ಸಮಾಧಾನವನ್ನಾದರೂ ಕೊಡಬೇಡವೇ? ಇಲ್ಲಿ ಇನ್ನೊಂದು ತೊಡಕಿದೆ. ಬಚ್ಚಲೊಲೆಯ ಹಂಡೆಯನ್ನು ನೆನೆಯಿರಿ. 40 ಲೀಟರ್ ನೀರನ್ನು 28 ಡಿಗ್ರಿಯಿಂದ 48 ಡಿಗ್ರಿಗೆ ಕಾಯಿಸಲು 800 ಕಿಲೋಕ್ಯಾಲರಿ ಉಷ್ಣ ಬೇಕು. ರಾತ್ರಿ ಸ್ನಾನ ಮಾಡದೆ ಮಲಗಿದರೆ ಬೆಳಗಾಗುವಾಗ ನೀರು ತಣಿದಿರುತ್ತದೆ. ಶಕ್ತಿ ನಾಶವಾಯಿತೇ? ಇಲ್ಲ. ಗೋಡೆಗೂ ಗಾಳಿಗೂ ಹಂಚಿಹೋಗಿದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಶಕ್ತಿಯಿಂದ ಒಂದು ಚೊಂಬು ನೀರನ್ನೂ ಮರಳಿ ಬಿಸಿಮಾಡಲಾಗದು. ಶಕ್ತಿಯ ಮೊತ್ತ ಉಳಿದರೂ ಅದರ ಉಪಯುಕ್ತತೆ ಕುಗ್ಗುತ್ತ ಹೋಗುತ್ತದೆ. ಈ ಕುಗ್ಗುವಿಕೆಯನ್ನು ಅಳೆಯಲೆಂದೇ 1865ರಲ್ಲಿ ಕ್ಲಾಸಿಯಸ್ ಎಂಬ ಜರ್ಮನ್ ವಿಜ್ಞಾನಿ 'ಎಂಟ್ರೊಪಿ' ಎಂಬ ಪದವನ್ನು ಟಂಕಿಸಿದನು.

ಪ್ರಕೃತಿ ಮೊತ್ತವನ್ನು ಕಾಯುತ್ತದೆ. ರೂಪವನ್ನು ಕಾಯುವ ಹೊಣೆ ಅದಕ್ಕಿಲ್ಲ. ನಾವು ಪ್ರೀತಿಸುವುದಾದರೋ ರೂಪವನ್ನು. ಚಿತೆಯಲ್ಲಿ ಉರಿದ ದೇಹದ ಒಂದು ಕಣವೂ ನಷ್ಟವಾಗದೆಂದು ತಿಳಿದವರೂ ಅಳುತ್ತಾರೆ. ಆ ಅಳು ಅಜ್ಞಾನದ್ದಲ್ಲ. ಆ ಕಣಗಳು ಒಂದು ದನಿಯಾಗಿ, ಒಂದು ನಗೆಯಾಗಿ ಕೂಡಿದ್ದ ಬಗೆ ಮತ್ತೆ ಬರದು ಎಂಬುದಕ್ಕಾಗಿ ಅಳುತ್ತಾರೆ.

ಗಡಿನಾಡಿನವರಾದ ನಮಗೆ ಈ ಭೇದ ಬೇಗನೆ ಅರ್ಥವಾಗಬೇಕು. 1956ರ ನವೆಂಬರ್ 1ರಂದು ರಾಜ್ಯದ ಎಲ್ಲೆ ಬದಲಾದಾಗ ಚಂದ್ರಗಿರಿ ಹೊಳೆ ತನ್ನ ಪಾತ್ರವನ್ನು ಬಿಡಲಿಲ್ಲ; ಒಂದು ಗುಡ್ಡವೂ ಸರಿಯಲಿಲ್ಲ. ಇಂದು ಕನ್ನಡ ತರಗತಿಯೊಂದು ಮುಚ್ಚಿದರೂ ಮಕ್ಕಳು ಎಲ್ಲಿಗೂ ಮಾಯವಾಗುವುದಿಲ್ಲ. ಪಕ್ಕದ ತರಗತಿಯಲ್ಲಿ ಕುಳಿತು ಚೆನ್ನಾಗಿಯೇ ಕಲಿಯುತ್ತಾರೆ. ಮಲಯಾಳ ನಮ್ಮ ನೆರೆಯವರ ಸೊಗಸಾದ ಭಾಷೆ. ಅದರ ಮೇಲೆ ನನಗೆ ಮುನಿಸಿಲ್ಲ. ಹಾಜರಿ ಪುಸ್ತಕದ ಮೊತ್ತವೂ ಸರಿಯಾಗಿರುತ್ತದೆ. ಆದರೆ ಅಜ್ಜಿಯ ಕಾಗದವನ್ನು ಓದಬಲ್ಲ ಮೊಮ್ಮಗು, ಯಕ್ಷಗಾನದ ಅರ್ಥಗಾರಿಕೆಗೆ ತಲೆದೂಗಬಲ್ಲ ಕಿವಿ, ಇವುಗಳನ್ನು ಕಾಯ್ದಿಡುವ ನಿಯಮ ಯಾವ ಭೌತಶಾಸ್ತ್ರದಲ್ಲಿಯೂ ಇಲ್ಲ. ಹಂಡೆಯ ಕೆಳಗೆ ಯಾರಾದರೂ ದಿನವೂ ಸೌದೆ ಒಡ್ಡುತ್ತಲೇ ಇರಬೇಕು.

ಹೀಗೆ ನಮಗೆ ಎರಡು ಕರ್ತವ್ಯಗಳು ಒದಗುತ್ತವೆ. ಬೇಡವೆಂದು ಬಿಟ್ಟದ್ದು ತಾನಾಗಿ ಅಳಿಯದು. ಆದುದರಿಂದ ಅದರ ಹೊಣೆ ಹೊರಬೇಕು. ಬೇಕೆಂದದ್ದು ತಾನಾಗಿ ಉಳಿಯದು. ಆದುದರಿಂದ ಅದಕ್ಕಾಗಿ ದುಡಿಯಬೇಕು. ಮೊದಲನೆಯದನ್ನು ಮರೆತು ಎರಡನೆಯದರ ಬಗೆಗೆ ಭಾಷಣ ಮಾಡುವುದು ಸುಲಭ, ನಾನೂ ಮಾಡಿದ್ದೇನೆ.

ಆ ಶುಕ್ರವಾರದ ಬಳಿಕ ಶಾಲೆಯಲ್ಲಿ ಬೆಂಕಿಯಿಡಲಿಲ್ಲ. ತರಗೆಲೆಗೆ ಹಿತ್ತಿಲಲ್ಲಿ ಒಂದು ಗುಂಡಿ ತೋಡಿಸಿದೆವು. ಮರುವರ್ಷ ಅದರ ಗೊಬ್ಬರ ಬಸಳೆಯ ಬುಡ ಸೇರಿತು. ಪ್ಲಾಸ್ಟಿಕನ್ನು ಗೋಣಿಚೀಲಗಳಲ್ಲಿ ತುಂಬಿ ನನ್ನ ಕೋಣೆಯ ಮೂಲೆಯಲ್ಲೇ ಇರಿಸಿದೆ. ಅದನ್ನು ಒಯ್ಯುವವರು ಆಗ ಯಾರೂ ಇರಲಿಲ್ಲ. ಚೀಲಗಳು ಹೆಚ್ಚುತ್ತಲೇ ಹೋದವು. ಬಂದವರೆಲ್ಲ ಇದೇನೆಂದು ಕೇಳುತ್ತಿದ್ದರು. ನಮ್ಮದೇ ಎಂದು ಉತ್ತರಿಸುತ್ತಿದ್ದೆ.