ಕೀಲು ಮತ್ತು ಕಾವಲು

ಮಾಗಡಿಯ ತಿರುಮಲೆಯಲ್ಲಿ ಚೈತ್ರಮಾಸದೊಳಗೆ ರಂಗನಾಥಸ್ವಾಮಿಯ ತೇರು ಹೊರಡುವಾಗ ಜನರ ದೃಷ್ಟಿಯೆಲ್ಲವೂ ಉತ್ಸವಮೂರ್ತಿಯ ಕಡೆಗೂ ಮೇಲಿನ ಬಾವುಟಗಳ ಕಡೆಗೂ ಇರುವುದು ಸಹಜವಾದುದೇ. ಚಕ್ರವು ಅಚ್ಚಿನಿಂದ ಜಾರದಂತೆ ತಡೆಯುವ ಕಡಾಣಿಯನ್ನು ಬಡಗಿ ಕಮ್ಮಾರರಲ್ಲದೆ ಮತ್ತಾರು ನೋಡುವರು? ರಾಗಿಯ ಹೊರೆ ಹೊತ್ತು ಬರುವ ಬಂಡಿಯ ಸಂಗತಿಯೂ ಇದೇ. ಬಂಡಿಯ ಅಂದಚಂದವನ್ನು ಹೊಗಳುವವರುಂಟು, ಎತ್ತುಗಳನ್ನು ಹೊಗಳುವವರುಂಟು, ಕಡಾಣಿಯನ್ನು ಹೊಗಳಿದವರು ವಿರಳ. ಆ ವಿರಳರಲ್ಲಿ ದೇವರ ದಾಸಿಮಯ್ಯನೊಬ್ಬನು. ಒಡಲನ್ನು ಬಂಡಿಯೆಂದೂ ಶಿವಶರಣರ ನುಡಿಗಳನ್ನು ಅದರ ಕಡೆಗೀಲೆಂದೂ ಕಂಡ ಆತನ ವಚನವನ್ನು ವಾಚಕರು ಬಲ್ಲರು.

ಆದರೆ ಆ ಹೋಲಿಕೆಯಿಂದ ಏಳುವ ಒಂದು ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕಡಾಣಿಯು ಅಷ್ಟು ಮುಖ್ಯವಾದುದಾದರೆ, ಅದನ್ನು ಒಮ್ಮೆಗೇ ಬೆಸೆದು ಬಿಡಬಾರದೇಕೆ? ಬಂಡಿಕಾರನ ಉತ್ತರ ಸುಲಭ: ಬೆಸೆದರೆ ಚಕ್ರವನ್ನು ಕಳಚುವಂತಿಲ್ಲ, ಕಳಚದೆ ಅಚ್ಚಿಗೆ ಕೀಲೆಣ್ಣೆ ಹಾಕುವಂತಿಲ್ಲ, ಎಣ್ಣೆ ಕಾಣದ ಅಚ್ಚು ಸವೆದು ಮುರಿಯುವುದು. ಆದುದರಿಂದ ಬೇಕೆಂದಾಗ ಬರುವಂತೆಯೂ ಬೇಡವಾದಾಗ ಬಾರದಂತೆಯೂ ಕೀಲು ಇರತಕ್ಕದ್ದು. ಇಲ್ಲಿಯೇ ನೀತಿಶಾಸ್ತ್ರದ ತೊಡಕು. ಭದ್ರತೆಯೆಂಬುದು ಬಿಗಿತದಲ್ಲಿದೆಯೋ, ಎಚ್ಚರದಲ್ಲಿದೆಯೋ?

ಈ ಪ್ರಶ್ನೆಯನ್ನು ಪರೀಕ್ಷಿಸಲು ಈಗಿನ ಮಕ್ಕಳ, ಮತ್ತು ಮಕ್ಕಳಿಗಿಂತ ಹೆಚ್ಚಾಗಿ ಅವರ ತಂದೆಯರ, ಒಂದು ಆಟದ ವಸ್ತು ಚೆನ್ನಾಗಿ ಒದಗುತ್ತದೆ. ಅದು ದೂರದಿಂದ ರಿಮೋಟಿನ ಮೂಲಕ ನಡೆಸುವ ಯುದ್ಧದ ಟ್ಯಾಂಕಿನ ಪ್ರತಿಕೃತಿ. ನಿಜವಾದ ಟ್ಯಾಂಕಿನ 16ರಲ್ಲಿ 1 ಪಾಲಿನ ಅಳತೆಯಲ್ಲಿ ಮಾಡಿದವು ಬಹಳ ಬಳಕೆಯಲ್ಲಿವೆ. ಇವು ಚಲಿಸುವುದು ಸರಪಣಿಯಂಥ ಪಟ್ಟಿಯ ಮೇಲೆ. ಒಂದೊಂದು ಪಟ್ಟಿಯಲ್ಲೂ ಹತ್ತಾರು ಕೊಂಡಿಗಳು; ಎರಡೆರಡು ಕೊಂಡಿಗಳನ್ನು ಸೇರಿಸಲು ಸೂಜಿಯಷ್ಟು ಸಣ್ಣ ಉಕ್ಕಿನ ಕೀಲು. ಒಂದು ಕೀಲು ಜಾರಿತೆಂದರೆ ಪಟ್ಟಿ ಬಿಚ್ಚಿ ನೆಲಕ್ಕೆ ಬೀಳುತ್ತದೆ. ಒಂದು ಕಡೆಯ ಪಟ್ಟಿ ಕಳೆದುಕೊಂಡ ಟ್ಯಾಂಕು ಮುಂದೆ ಹೋಗಲಾರದೆ ಇದ್ದಲ್ಲಿಯೇ ಸುತ್ತುವುದು.

ಕೀಲು ಜಾರುವುದೇಕೆ? ನೆಲದಲ್ಲಿ ಹೂಳಿದ ಗೂಟವನ್ನು ಕೀಳುವವನು ಅದನ್ನು ನೇರವಾಗಿ ಎಳೆಯುವುದಿಲ್ಲ, ತಿರುಗಿಸುತ್ತ ಎಳೆಯುತ್ತಾನೆ. ತಿರುಗುತ್ತಿರುವ ವಸ್ತುವಿಗೆ ಉದ್ದಕ್ಕೆ ಜಾರಲು ಅಡ್ಡಿ ಬಹು ಕಡಿಮೆ; ತಡೆಯುವ ಘರ್ಷಣೆಯೆಲ್ಲ ತಿರುಗುವಿಕೆಯನ್ನು ಎದುರಿಸುವುದರಲ್ಲೇ ವ್ಯಯವಾಗುತ್ತದೆ. ಗಾಲಿಯ ಸುತ್ತ ಬಾಗುವಾಗಲೆಲ್ಲ ಕೊಂಡಿಯೊಳಗೆ ಕೀಲು ಇಷ್ಟಿಷ್ಟೇ ಹೊರಳುತ್ತದೆ. ಟ್ಯಾಂಕು ತಿರುವು ತೆಗೆದುಕೊಳ್ಳುವಾಗ ಪಕ್ಕದ ಒತ್ತಡ ಬೀಳುತ್ತದೆ. ಎರಡೂ ಕೂಡಿ ಕೀಲು ಕೂದಲೆಳೆಯಷ್ಟು ಸರಿಯುತ್ತದೆ. ಕಪಾಟಿನಲ್ಲಿಟ್ಟ ಟ್ಯಾಂಕಿನ ಕೀಲು ಎಂದಿಗೂ ಜಾರದು. ಕೆಲಸದ ದೋಷ ಅದಲ್ಲ, ಕೆಲಸ ಮಾಡುವುದರ ಫಲ.

ಅನುಭವಿಗಳು ಇದಕ್ಕೆ ನಾನಾ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಅಂಟನ್ನು ಸುರಿಯುವವರು ಅವಸರದವರು. ಅಂಟು ಕೊಂಡಿಯೊಳಕ್ಕೆ ಇಳಿದು ಪಟ್ಟಿ ಬಾಗದಂತಾಗುತ್ತದೆ, ಭದ್ರವಾದುದು ನಿಷ್ಪ್ರಯೋಜಕವಾಗುತ್ತದೆ. ವಿವೇಕಿಗಳು ಕೀಲಿನ ತುದಿಗೆ ಮಾತ್ರ ಉಗುರಿಗೆ ಹಚ್ಚುವ ಬಣ್ಣದ ಒಂದು ಹನಿ ಇಡುತ್ತಾರೆ. ಬೇಕಾದಾಗ ಅದನ್ನು ಕೆರೆದು ತೆಗೆಯಬಹುದು.

ನಿಜವಾದ ಟ್ಯಾಂಕುಗಳಲ್ಲೂ ಈ ಚಿಂತೆ ಇದ್ದಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ಪ್ರದೇಶದಲ್ಲಿ ಟ್ಯಾಂಕುಗಳು ಮೊದಲ ಸಲ ಯುದ್ಧಕ್ಕೆ ಇಳಿದವು. ಎರಡನೆಯ ಮಹಾಯುದ್ಧದ ಕಾಲಕ್ಕೆ ರಷ್ಯದವರು ತಮ್ಮ ಟಿ-34 ಎಂಬ ಟ್ಯಾಂಕಿನಲ್ಲಿ ಕೈಗೊಂಡ ಕ್ರಮ ಆಶ್ಚರ್ಯಕರವಾದುದು. ಅದರ ಒಂದೊಂದು ಪಟ್ಟಿಯಲ್ಲೂ 70ಕ್ಕೆ ಮಿಕ್ಕಿದ ಕೊಂಡಿಗಳು. ಕೀಲಿನ ತಲೆ ಒಡಲಿನ ಕಡೆಗಿತ್ತು. ಹೊರತುದಿಗೆ ಯಾವ ಬಂಧನವೂ ಇರಲಿಲ್ಲ. ತಲೆ ಇದ್ದುದರಿಂದ ಕೀಲು ಹೊರಕ್ಕೆ ಹೋಗಲಾರದು, ಒಳಕ್ಕೆ ಜಾರಬಹುದು. ಜಾರಲಿ ಎಂದೇ ಬಿಟ್ಟರು. ಒಡಲಿನ ಹಿಂಭಾಗದಲ್ಲಿ ಓರೆಯಾಗಿ ಒಂದು ಉಕ್ಕಿನ ಪಟ್ಟಿಯನ್ನು ಬೆಸೆದರು. ಸರಪಣಿ ಸುತ್ತಿ ಬರುವಾಗ, ಜಾರಿದ ಕೀಲಿನ ತಲೆ ಅದಕ್ಕೆ ತಗುಲಿ ಪೆಟ್ಟು ತಿಂದು ಸ್ವಸ್ಥಾನಕ್ಕೆ ಸೇರುತ್ತಿತ್ತು. ಪಟ್ಟಿ ಹರಿದರೆ ಸುತ್ತಿಗೆಯೊಂದರಿಂದಲೇ ಕೀಲು ತೆಗೆದು ಬೇರೆ ಕೊಂಡಿ ಸೇರಿಸಬಹುದಾಗಿತ್ತು.

ಮನುಷ್ಯರ ವಿಚಾರದಲ್ಲಿ ಇದನ್ನು ಒಪ್ಪಬಹುದೆ? ಜಾರುವುದನ್ನು ಮುಂಚಿತವಾಗಿಯೇ ಒಪ್ಪಿದರೆ ಜಾರಲು ಅಪ್ಪಣೆ ಕೊಟ್ಟಂತಲ್ಲವೆ ಎಂದು ಕಟ್ಟುನಿಟ್ಟಿನವರು ಕೇಳುವರು. ಆಕ್ಷೇಪ ಹಗುರವಾದುದಲ್ಲ. ಆದರೂ ವ್ರತವನ್ನು ಒಮ್ಮೆ ತೊಟ್ಟು ಇನ್ನು ನೋಡಬೇಕಾದುದಿಲ್ಲವೆಂದು ಕುಳಿತವನಿಗಿಂತ, ಪ್ರತಿಸಂಜೆ ತನ್ನ ಲೆಕ್ಕವನ್ನು ತಾನೇ ತೆಗೆದು ನೋಡುವವನೇ ಹೆಚ್ಚು ದೂರ ನಡೆಯಬಲ್ಲನು. ಇದಕ್ಕೊಂದು ಮಿತಿಯೂ ಉಂಟು. ಜಾರಿದ ಕೀಲನ್ನು ಆ ಓರೆಪಟ್ಟಿ ಸರಿಪಡಿಸೀತು. ಮುರಿದ ಕೀಲನ್ನು ಸರಿಪಡಿಸಲಾರದು. ತಲೆಯನ್ನು ಹೊರಗೆ ಮಾಡಿ ತಪ್ಪಾಗಿ ತೊಡಿಸಿದ ಕೀಲಿಗಂತೂ ಅದರ ಪೆಟ್ಟು ತಾಕುವುದೇ ಇಲ್ಲ.

ಎಚ್ಚರವೇ ಭದ್ರತೆಯೆಂದು ಹೇಳುವವರು ಎಚ್ಚರವಾಗಿರಲು ಶಕ್ತಿಯಿಲ್ಲದವರನ್ನು ಮರೆಯಬಾರದು. ಮಾಗಡಿಗೆ ನೆರೆಯ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಗಾಲಿ ಕೂಡಿಸಿದ ಬೊಂಬೆಬಂಡಿಗಳನ್ನು ಮಾಡುತ್ತಾರೆ. ಅದನ್ನು ಎಳೆಯುವ ಕೂಸಿಗೆ ಗಾಲಿಯ ಕೀಲು ಸಡಿಲವಾದುದು ತಿಳಿಯದು; ಕಳಚಿದುದು ಸಿಕ್ಕಿದರೆ ಬಾಯಿಗೆ ಹೋಗುವುದು. 2021ರ ಜನವರಿ 1ರಿಂದ ಭಾರತದಲ್ಲಿ ಆಟಿಕೆಗಳಿಗೆ ಸುರಕ್ಷತೆಯ ಸರಕಾರಿ ಮುದ್ರೆ ಕಡ್ಡಾಯವಾಯಿತು. ನೋಂದಾಯಿತರಾದ ಕರಕುಶಲಿಗಳಿಗೂ ಭೌಗೋಳಿಕ ಸೂಚಿಕೆ ಪಡೆದ ವಸ್ತುಗಳಿಗೂ ಅದರಿಂದ ವಿನಾಯಿತಿ ದೊರೆಯಿತು. ಚನ್ನಪಟ್ಟಣದ ಬೊಂಬೆಗೆ ಆ ಸೂಚಿಕೆ ಉಂಟು. ಬಡ ಕುಶಲಿಯ ಮೇಲೆ ಪರೀಕ್ಷೆಯ ಖರ್ಚು ಹೇರದಿರುವುದು ನ್ಯಾಯವೇ. ಆದರೆ ಕಾನೂನು ಬಿಟ್ಟುಕೊಟ್ಟ ಆ ಜಾಗದಲ್ಲಿ ಕೂಸಿನ ಪರವಾಗಿ ನೋಡುವವನು ಕಡೆಯುವವನೊಬ್ಬನೇ. ಆತನು ಕೂಸಿನ ಬಂಡಿಯ ಕೀಲನ್ನು ಎಂದೆಂದಿಗೂ ಬಾರದಂತೆ ಬಿಗಿಯತಕ್ಕದ್ದು. ಅಲ್ಲಿ ಕೀಲೆಣ್ಣೆಯ ವಾದ ಸಲ್ಲದು. ಹದಿನೈದರ ಹುಡುಗನ ಟ್ಯಾಂಕಿನಲ್ಲಾದರೋ ಕೀಲು ಬಿಚ್ಚುವಂತೆಯೇ ಇರಲಿ, ಜೊತೆಗೆ ಹತ್ತು ಕೀಲು ಹೆಚ್ಚಾಗಿಯೂ ಇರಲಿ. ಓಡಿಸುವುದಕ್ಕೆ ಮೊದಲು ಅದನ್ನು ಮಗುಚಿ ಹಾಕಿ ಎರಡು ಪಟ್ಟಿಗಳ ಕೀಲುಗಳನ್ನೂ ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡುವ ಕೆಲಸ ಅವನದು.